ಕರ್ನಾಟಕದ ಹೆಸರಲ್ಲಿ ಒಂದು ರೆಜಿಮೆಂಟ್ ಯಾಕಿಲ್ಲ?

ಹಾಸನದ ಹುಡುಗ
ತುಂಬಾ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ. ನಮ್ಮ ಸೇನೆಯಲ್ಲಿ ಪಂಜಾಬ್ ರೆಜಿಮೆಂಟ್ ಇದೆ, ಬಿಹಾರ ಇದೆ, ಅಸ್ಸಾಂ ಇದೆ. ಸಿಖ್, ಜಾಟ್, ಡೋಗ್ರಾ, ಕುಮಾವ್, ಗಢವಾಲ್ ಎಲ್ಲ ಇವೆ. ದಕ್ಷಿಣಕ್ಕೆ ಬಂದರೆ ಮದ್ರಾಸ್ ಒಂದೇ. ಸೇನೆಗೆ ಮೊದಲ ಭಾರತೀಯ ದಂಡನಾಯಕರನ್ನು ಕೊಟ್ಟ ನಾಡು ನಮ್ಮದು. ನಮ್ಮ ಹೆಸರಲ್ಲಿ ಒಂದು ರೆಜಿಮೆಂಟ್ ಯಾಕಿಲ್ಲ? ಕೇಳಬೇಕಾ, ಬೇಡವಾ? ತಿಳಿದವರು ಹೇಳಿ. ರಾಜಕೀಯ ಮಾತ್ರ ಬೇಡ.

ಬಿಸಿಲೂರು
"ರಾಜಕೀಯ ಬೇಡ" ಅಂತ ಬರೆದ ಕಡೆಯೇ ರಾಜಕೀಯ ಶುರುವಾಗುವುದು. ಕುರ್ಚಿ ಹಾಕಿಕೊಂಡು ಕೂತಿದ್ದೇನೆ.

ಹಳೇ ಪಲ್ಟನ್
ತಮ್ಮಾ, ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವನು. ಹವಾಲ್ದಾರ್ ಆಗಿ ಪೆನ್ಷನ್‌ಗೆ ಬಂದೆ. ಮದ್ರಾಸ್ ಅಂದ ಕೂಡಲೇ ಅದು ತಮಿಳುನಾಡಿನದು ಅಂತ ತಿಳಿಯಬೇಡ. ಮದ್ರಾಸ್ ರೆಜಿಮೆಂಟಿಗೆ ದಕ್ಷಿಣದ ಎಲ್ಲ ರಾಜ್ಯದ ಹುಡುಗರೂ ಸೇರುತ್ತಾರೆ. ಅವರ ಸೆಂಟರ್ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ನಮ್ಮ ಸ್ಯಾಪರ್ಸ್ ಸೆಂಟರ್ ಬೆಂಗಳೂರಿನ ಹಲಸೂರಿನಲ್ಲಿ. 1780ರಲ್ಲಿ ಮದ್ರಾಸ್ ಪಯೋನಿಯರ್ಸ್ ಅಂತ ಶುರುವಾದ ದಳ, 1834ರಲ್ಲಿ ಬೆಂಗಳೂರಿಗೆ ಬಂತು. ಕನ್ನಡ ನಾಡಿನಲ್ಲೇ ಹತ್ತಿರ ಹತ್ತಿರ ಇನ್ನೂರು ವರ್ಷ ಆಯ್ತು.

ಬ್ಯಾರಕ್‌ನಲ್ಲಿ ನನ್ನ ಪಕ್ಕದ ಮಂಚ ಗುಂಟೂರಿನವನದು, ಎದುರು ಮಂಚ ಕೊಲ್ಲಂನವನದು. ನಮ್ಮನ್ನೆಲ್ಲ ಹೊರಗಿನವರು ಕರೆಯುತ್ತಿದ್ದುದು "ತಂಬಿ" ಅಂತಲೇ. ಕನ್ನಡಿಗ ಅಂತ ಯಾರೂ ಕಡಿಮೆ ಮಾಡಲಿಲ್ಲ, ಜಾಸ್ತಿಯೂ ಮಾಡಲಿಲ್ಲ.

ಗರಡಿಮನೆ
ಸರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಿಮಗೆ ಬೇಜಾರಾಗಲಿಲ್ಲ ಅಂದ ಮಾತ್ರಕ್ಕೆ ಪ್ರಶ್ನೆ ತಪ್ಪಾಗುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಂಪನಿ ಸೈನ್ಯದಲ್ಲಿ ಇದೇ ಮದ್ರಾಸ್ ಪಯೋನಿಯರ್ಸ್ ಇದ್ದರು. ನಮ್ಮ ಊರಿಗೆ ಏಣಿ ಹಾಕಿದವರ ಹೆಸರನ್ನೇ ನಮ್ಮ ಹುಡುಗರು ಭುಜದ ಮೇಲೆ ಹೊತ್ತುಕೊಳ್ಳಬೇಕಾ?

ಹಳೇ ಪಲ್ಟನ್
ಹಾಗೆ ಲೆಕ್ಕ ಹಾಕಿದರೆ ಇವತ್ತಿನ ಸೇನೆಯ ಹಳೇ ರೆಜಿಮೆಂಟ್ ಒಂದೂ ಉಳಿಯುವುದಿಲ್ಲ. ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಕಂಪನಿ ಪರವಾಗಿ ಪಕ್ಕದ ಮನೆ ಮೇಲೆ ಹೋದವರೇ. 1947ರಲ್ಲಿ ಧ್ವಜ ಬದಲಾಯಿತು, ಪಲ್ಟನ್ ಅದೇ ಉಳಿಯಿತು.

ಇತಿಹಾಸದ ಮೇಡಂ
ಮೂಲ ಪ್ರಶ್ನೆಗೆ ಬರೋಣ. ಉತ್ತರ ಇರುವುದು 1857ರ ನಂತರದ ಕಥೆಯಲ್ಲಿ.

ದಂಗೆ ಆದ ಮೇಲೆ ಬ್ರಿಟಿಷರಿಗೆ ಹೆದರಿಕೆ ಹುಟ್ಟಿತು. ಯಾರನ್ನು ನಂಬಬೇಕು ಅನ್ನುವ ಲೆಕ್ಕಾಚಾರದಲ್ಲಿ "ಯುದ್ಧಕ್ಕೆ ಹುಟ್ಟಿದ ಜಾತಿಗಳು" ಅನ್ನುವ ವಾದ ಬೆಳೆಯಿತು. ಪಂಜಾಬ್, ಗಡಿನಾಡು, ನೇಪಾಳದವರು ಶೂರರು, ದಕ್ಷಿಣದವರು ಮೆತ್ತಗೆ ಅಂತ. 1885ರಿಂದ 1893ರವರೆಗೆ ಭಾರತದ ದಂಡನಾಯಕನಾಗಿದ್ದ ರಾಬರ್ಟ್ಸ್ ಇದನ್ನು ಗಟ್ಟಿಯಾಗಿ ನಂಬಿದ್ದ. ಅದಕ್ಕೂ ಮುಂಚೆ ಮದ್ರಾಸ್ ಸೈನ್ಯದ ಮುಖ್ಯಸ್ಥನೂ ಅವನೇ! ದಕ್ಷಿಣದ ಪದಾತಿ ದಳಗಳನ್ನು ಕಡಿಮೆ ಮಾಡುತ್ತಾ ಹೋದರು. 1920ರ ದಶಕದ ಹೊತ್ತಿಗೆ ಮದ್ರಾಸ್ ಪದಾತಿಯ ಬಾಗಿಲೇ ಮುಚ್ಚಿತು. ಸ್ಯಾಪರ್ಸ್ ಮಾತ್ರ ಉಳಿದರು. ಎರಡನೇ ಮಹಾಯುದ್ಧ ಬಂದು ಜನ ಸಾಲದಾದಾಗ "ಮೆತ್ತಗಿನವರು" ಮತ್ತೆ ಶೂರರಾದರು, ಮದ್ರಾಸ್ ರೆಜಿಮೆಂಟನ್ನು ಮತ್ತೆ ಎಬ್ಬಿಸಿದರು.

ಅಂದರೆ ಯಾರ ಹೆಸರಲ್ಲಿ ರೆಜಿಮೆಂಟ್ ಇದೆ, ಯಾರ ಹೆಸರಲ್ಲಿ ಇಲ್ಲ ಅನ್ನುವುದು ಶೌರ್ಯದ ಪಟ್ಟಿ ಅಲ್ಲವೇ ಅಲ್ಲ. ಬ್ರಿಟಿಷರು ಯಾರನ್ನು ನಂಬಿದರು ಅನ್ನುವ ಪಟ್ಟಿ. ಅದರಲ್ಲಿ ನಮ್ಮ ಹೆಸರಿಲ್ಲ ಅಂತ ಅಳುವುದೇಕೆ?

ಗರಡಿಮನೆ
ಅಳುತ್ತಿಲ್ಲ ಮೇಡಂ. ಕೇಳುತ್ತಿದ್ದೇವೆ.

ಮೈಸೂರು ಪೇಟ
ಯಾರೂ ಮೈಸೂರು ಲ್ಯಾನ್ಸರ್ಸ್ ಹೆಸರು ತೆಗೆಯಲಿಲ್ಲವಲ್ಲ! ಮೊದಲ ಮಹಾಯುದ್ಧ, 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ. ಎದುರಿಗೆ ತುರ್ಕರ ಫಿರಂಗಿ, ಮೆಷಿನ್ ಗನ್. ನಮ್ಮವರ ಕೈಯಲ್ಲಿ ಭರ್ಜಿ. ಕುದುರೆ ಮೇಲೆ ಹೋಗಿ ಊರು ಗೆದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಕಳಿಸಿದ ದಳ ಅದು. ಇಂಥ ಇತಿಹಾಸ ಇರುವವರಿಗೆ ರೆಜಿಮೆಂಟ್ ಇಲ್ಲ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮದು ಅಂತ ಎಷ್ಟು ಜನಕ್ಕೆ ಗೊತ್ತು?

ಇತಿಹಾಸದ ಮೇಡಂ
ಒಂದು ತಿದ್ದುಪಡಿ. ಗೆದ್ದದ್ದು ಮೈಸೂರಿನವರು ಒಬ್ಬರೇ ಅಲ್ಲ. ಊರಿನ ಕಡೆಗೆ ನೇರವಾಗಿ ನುಗ್ಗಿದ್ದು ಜೋಧಪುರ ಲ್ಯಾನ್ಸರ್ಸ್. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಸತ್ತರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು ಹತ್ತಿ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸಿದರು. ಆ ಕೆಲಸ ಆಗದೆ ಈ ಕೆಲಸ ಆಗುತ್ತಿರಲಿಲ್ಲ. ತೀನ್ ಮೂರ್ತಿಯ ಮೂರನೆಯದು ಹೈದರಾಬಾದ್ ಲ್ಯಾನ್ಸರ್ಸ್. ಅವರು ಅದೇ ಬ್ರಿಗೇಡಿನವರು, ಆದರೆ ಆ ದಿನ ಹೈಫಾ ಮೇಲೆ ಏರಿದವರಲ್ಲಿ ಇರಲಿಲ್ಲ. 2018ರಿಂದ ಆ ವೃತ್ತದ ಹೆಸರು ತೀನ್ ಮೂರ್ತಿ ಹೈಫಾ ಚೌಕ.

ಇನ್ನೊಂದು, ಮೈಸೂರು ಲ್ಯಾನ್ಸರ್ಸ್ ಅಂದರೆ ಎಲ್ಲರೂ ಒಕ್ಕಲು ಮನೆಯ ಕನ್ನಡಿಗರು ಅಂತ ಊಹಿಸಿಕೊಳ್ಳಬೇಡಿ. ಆ ದಳದಲ್ಲಿ ಅರಸು ಮನೆತನದವರು, ಮುಸ್ಲಿಮರು, ಮರಾಠರು ಎಲ್ಲ ಇದ್ದರು.

ಮೈಸೂರು ಪೇಟ
ಜೋಧಪುರದವರ ಪಾಲು ನಾನು ಕಿತ್ತುಕೊಳ್ಳಲಿಲ್ಲ ಮೇಡಂ. ಅವರ ಕಥೆ ಹೇಳಲು ಅವರೂರಿನವರು ಬೇಕಾದಷ್ಟು ಇದ್ದಾರೆ. ನಮ್ಮದನ್ನು ನಾವು ಹೇಳದಿದ್ದರೆ ಯಾರು ಹೇಳುತ್ತಾರೆ?

ಬಿಸಿಲೂರು
ಆ ಕುದುರೆಗಳೆಲ್ಲ ಎಲ್ಲಿ ಹೋದವು?

ಹಳೇ ಪಲ್ಟನ್
ಸಂಸ್ಥಾನಗಳು ಸೇರಿದ ಮೇಲೆ ಅವುಗಳ ಸೈನ್ಯವೂ ಸೇರಿತು. ಮೈಸೂರು, ಜೋಧಪುರ, ಗ್ವಾಲಿಯರ್, ಜೈಪುರದಂಥ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ 61ನೇ ಕ್ಯಾವಲ್ರಿ ಮಾಡಿದರು. ಈಗ ಜೈಪುರದಲ್ಲಿದೆ. ಪೆರೇಡ್‌ನಲ್ಲಿ ಕುದುರೆ ಮೇಲೆ ಬರುವವರು ಅವರೇ. ಮೈಸೂರು ಪದಾತಿಯವರು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆದರು. 18 ಮದ್ರಾಸ್, ಆವರಣದಲ್ಲಿ ಮೈಸೂರು ಅಂತ ಬರೆಯುತ್ತಿದ್ದರು. ಹಾಗಾಗಿ ಹೆಸರು ಪೂರ್ತಿ ಅಳಿಸಿಹೋಗಿಲ್ಲ.

ಗರಡಿಮನೆ
ಆವರಣದಲ್ಲಿ! ಇದಕ್ಕಿಂತ ಚೆನ್ನಾಗಿ ನನ್ನ ವಾದ ಯಾರೂ ಹೇಳಲಾರರು.

ಕಾಫಿತೋಟ
ಕೊಡಗಿನಿಂದ ಒಂದು ಮಾತು. ಎಲ್ಲರೂ ಕಾರಿಯಪ್ಪ, ತಿಮ್ಮಯ್ಯ ಅಂತ ನಮ್ಮ ಹಿರಿಯರ ಹೆಸರು ಹಿಡಿದು ಕರ್ನಾಟಕ ರೆಜಿಮೆಂಟ್ ಕೇಳುತ್ತೀರಿ. ಆದರೆ ಅವರು ಸೇನೆಗೆ ಸೇರಿದಾಗ ಕೊಡಗು ಕರ್ನಾಟಕದಲ್ಲೇ ಇರಲಿಲ್ಲ. 1956ರಲ್ಲಿ ಸೇರಿದ್ದು. ಕೂರ್ಗ್ ಹೆಸರಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಬೆಟಾಲಿಯನ್ ಎಬ್ಬಿಸಿದ್ದರು. ಆಮೇಲೆ ಅದನ್ನು ಫಿರಂಗಿ ದಳಕ್ಕೆ ಬದಲಾಯಿಸಿದರು.

ನಮ್ಮಲ್ಲಿ ಮನೆಗೊಬ್ಬರು ಸೇನೆಯಲ್ಲಿ ಇರುವುದು ಹೊಸದೇನಲ್ಲ. ಅಜ್ಜ, ದೊಡ್ಡಪ್ಪ, ಈಗ ಚಿಕ್ಕಪ್ಪನ ಮಗಳು. ಯಾರ ಬಾಯಲ್ಲೂ ರೆಜಿಮೆಂಟ್ ಬೇಕು ಅಂತ ಕೇಳಿಲ್ಲ. ಕೇಳಿದ್ದು ಪೋಸ್ಟಿಂಗ್ ಯಾವಾಗ ಹತ್ತಿರ ಬರುತ್ತದೆ ಅಂತ ಮಾತ್ರ.

ಹಾಸನದ ಹುಡುಗ
ಅಕ್ಕ, ಕಾರಿಯಪ್ಪನವರ ಮಗನ ಕಥೆ ನಿಜವಾ? ವಾಟ್ಸಾಪ್‌ನಲ್ಲಿ ಬಂದದ್ದು, ಅದಕ್ಕೇ ಅನುಮಾನ.

ಕಾಫಿತೋಟ
ನಿಜ. ಮಗ ವಾಯುಪಡೆಯ ಪೈಲಟ್. 1965ರ ಯುದ್ಧದಲ್ಲಿ ವಿಮಾನ ಬಿತ್ತು, ಪಾಕಿಸ್ತಾನದವರು ಸೆರೆ ಹಿಡಿದರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್ ಸ್ವಾತಂತ್ರ್ಯಕ್ಕೆ ಮುಂಚೆ ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡುತ್ತೇವೆ ಅಂತ ಹೇಳಿ ಕಳಿಸಿದರು. ಬೇರೆ ಕೈದಿಗಳಿಗೆ ಇಲ್ಲದ ಸವಲತ್ತು ನನ್ನ ಮಗನಿಗೂ ಬೇಡ ಅಂದರು ಇವರು. ಮಗ ಉಳಿದವರ ಜೊತೆಗೇ ಸೆರೆಯಲ್ಲಿದ್ದು ಬಂದರು.

ಅದೇ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ಹೋದ ಅಜ್ಜಮಾಡ ದೇವಯ್ಯನವರ ಬಗ್ಗೆಯೂ ಒಮ್ಮೆ ಓದಿ. ಹಳೇ ಮಿಸ್ಟೀರ್ ವಿಮಾನದಲ್ಲಿ ಆ ಕಾಲದ ಅತಿ ವೇಗದ ಸ್ಟಾರ್‌ಫೈಟರ್ ಜೊತೆ ಸೆಣಸಿದವರು. ಮಹಾವೀರ ಚಕ್ರ ಕೊಟ್ಟದ್ದು ಯಾವಾಗ ಗೊತ್ತಾ? 1988ರಲ್ಲಿ. 23 ವರ್ಷ ಆದ ಮೇಲೆ! ರೆಜಿಮೆಂಟಿನ ಹೆಸರಿಗಿಂತ ಇಂಥ ವಿಳಂಬ ನನಗೆ ಜಾಸ್ತಿ ನೋವು ಕೊಡುತ್ತದೆ.

ಎರಡು ಮಾತು
ಎಲ್ಲರೂ ಕಾರಿಯಪ್ಪನವರನ್ನು ದೇವರು ಮಾಡುವ ಮೊದಲು: ಸೇನೆ ರಾಜಕೀಯದಿಂದ ದೂರ ಇರಬೇಕು ಅಂತ ಹೇಳಿದವರೇ 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು.

ಕಾಫಿತೋಟ
ನಿವೃತ್ತಿಯಾಗಿ 18 ವರ್ಷ ಆದ ಮೇಲೆ ನಿಂತರು. ಸಮವಸ್ತ್ರದಲ್ಲಿ ಅಲ್ಲ. ಅದಕ್ಕೂ ಇದಕ್ಕೂ ವ್ಯತ್ಯಾಸ ಇಲ್ವಾ?

ಎರಡು ಮಾತು
ಇದೆ. ಆ ವ್ಯತ್ಯಾಸವೇ ನಮ್ಮ ದೇಶದ ಸೇನೆಯ ದೊಡ್ಡ ಗುಣ ಅನ್ನುವುದು ನನ್ನ ಮಾತು. 1959ರಲ್ಲಿ ತಿಮ್ಮಯ್ಯನವರು ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಗಳ ಬಿದ್ದು ರಾಜೀನಾಮೆ ಕೊಟ್ಟರು. ನೆಹರು ಕರೆದು ಮಾತಾಡಿದರು, ವಾಪಸ್ ತೆಗೆದುಕೊಂಡರು. ಪಕ್ಕದ ದೇಶದಲ್ಲಿ ಹಿಂದಿನ ವರ್ಷವಷ್ಟೇ ಸೇನೆ ಅಧಿಕಾರ ಹಿಡಿದಿತ್ತು. ಇಲ್ಲಿ ದಂಡನಾಯಕ ಸಿಟ್ಟಾದರೆ ಚೀಟಿ ಬರೆದು ಕೊಟ್ಟ, ಅಷ್ಟೇ.

ರೆಜಿಮೆಂಟಿನ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ. ಒಂದೊಂದು ರಾಜ್ಯದವರೂ ನಮ್ಮದೇ ದಳ ಬೇಕು ಅಂತ ಕೂತರೆ ಸೇನೆ ರಾಜ್ಯಗಳ ಒಕ್ಕೂಟ ಆಗುತ್ತದೆ. ಹೊಸದಾಗಿ ಜಾತಿ, ಧರ್ಮ, ಪ್ರದೇಶದ ಹೆಸರಲ್ಲಿ ರೆಜಿಮೆಂಟ್ ಮಾಡುವುದಿಲ್ಲ ಅನ್ನುವುದು ಸ್ವಾತಂತ್ರ್ಯದ ನಂತರದ ಸರ್ಕಾರಿ ನೀತಿ. ಉತ್ತರದ ಯಾದವರು ತಮ್ಮ ಹೆಸರಲ್ಲಿ ಅಹಿರ್ ರೆಜಿಮೆಂಟ್ ಕೇಳಿದಾಗಲೂ ಇದೇ ಉತ್ತರ ಕೊಟ್ಟರು.

ಗರಡಿಮನೆ
ನೀತಿ ಅಂತೆ! 1970ರಲ್ಲಿ ನಾಗಾ ರೆಜಿಮೆಂಟ್ ಮಾಡಿದ್ದು ಯಾರು? ಬ್ರಿಟಿಷರಾ? ಅಲ್ಲಿಯವರದೇ ದಳವಾದ ಲಡಾಖ್ ಸ್ಕೌಟ್ಸ್‌ಗೆ 2001ರಲ್ಲಿ ಪೂರ್ಣ ರೆಜಿಮೆಂಟ್ ಸ್ಥಾನ ಕೊಟ್ಟರು. ಅರುಣಾಚಲ ಸ್ಕೌಟ್ಸ್, ಸಿಕ್ಕಿಂ ಸ್ಕೌಟ್ಸ್ ಬಂದದ್ದು 2010ರಿಂದ ಈಚೆಗೆ. ಬೇಕಾದಾಗ ನೀತಿ ಬಗ್ಗುತ್ತದೆ, ನಾವು ಕೇಳಿದಾಗ ಮಾತ್ರ ನೆಟ್ಟಗೆ ನಿಲ್ಲುತ್ತದೆ.

ಹಳೇ ಪಲ್ಟನ್
ಒಳ್ಳೇ ಪ್ರಶ್ನೆ. ಆದರೆ ನೀನು ಹೇಳಿದ್ದೆಲ್ಲ ಗಡಿ ಜಾಗ. ಲಡಾಖಿನ ಹುಡುಗನಿಗೆ ಆ ಎತ್ತರದಲ್ಲಿ ಉಸಿರು ಕಟ್ಟುವುದಿಲ್ಲ. ದಾರಿ ಗೊತ್ತು, ಹಿಮ ಗೊತ್ತು, ಊರಿನ ಜನ ಗೊತ್ತು. ಹೊರಗಿನವನಿಗೆ ಅದನ್ನು ಕಲಿಸಲು ಆಗುವುದಿಲ್ಲ. ನಾಗಾಗಳದ್ದು ಬೇರೆ ಕಾರಣ, ಅಲ್ಲಿ ಬಂಡಾಯ ನಡೆದಿತ್ತು, ಅಲ್ಲಿಯ ಹುಡುಗರಿಗೆ ಇದು ನಿಮ್ಮ ಸೇನೆಯೂ ಹೌದು ಅಂತ ತೋರಿಸಬೇಕಿತ್ತು. ಹಾಸನದವನಿಗೆ ಅಂಥ ಯಾವ ಕಾರಣ ಇದೆ?

ಗರಡಿಮನೆ
ನಾವು ಬಂಡಾಯ ಏಳಲಿಲ್ಲ, ಅದಕ್ಕೇ ಸಿಗಲಿಲ್ಲ ಅಂತಾಯ್ತು. ಧನ್ಯವಾದ.

ಬಿಸಿಲೂರು
😂😂 ಇದಕ್ಕೆ ಉತ್ತರ ಬರುವವರೆಗೆ ನಾನು ಏಳುವುದಿಲ್ಲ.

ಕುಂದಾನಗರಿ
ಬೆಳಗಾವಿಯವರು ಯಾರೂ ಇಲ್ಲೇನ್ರಿ? ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇರುವುದು ನಮ್ಮ ಊರಿನಲ್ಲಿ. ನಮ್ಮ ಕಡೆ ಹುಡುಗರು ಅಲ್ಲಿಗೂ ಸೇರುತ್ತಾರೆ. ಬೆಳಿಗ್ಗೆ ಐದಕ್ಕೆ ಕ್ಯಾಂಪ್ ಕಡೆ ಹೋದರೆ ಹೊಸ ಹುಡುಗರ ಓಟ ಕಾಣುತ್ತದೆ. "ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ" ಅನ್ನುವವರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರೂ ಇರುತ್ತಾರೆ. ಯಾರಿಗೂ ತ್ರಾಸಿಲ್ಲ.

ಮೈಸೂರು ಪೇಟ
ಬೆಳಗಾವಿಯಲ್ಲೇ ಮರಾಠಾ ಸೆಂಟರ್, ಕನ್ನಡದ ಹೆಸರಿಲ್ಲ. ಇದು ಸರಿಯಾ ಅಂತ ಯಾರೂ...

ನಿರ್ವಾಹಕ
ಗಡಿ ವಿವಾದ ಇಲ್ಲಿಗೆ ತಂದರೆ ಬೀಗ ಹಾಕುತ್ತೇನೆ. ಮೊದಲೇ ಹೇಳಿಬಿಟ್ಟಿದ್ದೇನೆ.

ಕಾಳಿ ನದಿ ದಂಡೆ
ಭೂಸೇನೆಯವರ ಜಗಳ ಮುಗಿದರೆ ಕಡಲ ಕಡೆಯೂ ಒಮ್ಮೆ ನೋಡಿ ಮಾರಾಯ್ರೆ. ನೌಕಾಪಡೆಯಲ್ಲಿ ಐಎನ್‌ಎಸ್ ಮೈಸೂರು ಅಂತ ಹಡಗೇ ಇದೆ. ಮೊದಲನೆಯದು 1957ರಲ್ಲಿ ಬಂದ ಕ್ರೂಸರ್, ಬ್ರಿಟಿಷರಿಂದ ಕೊಂಡ ಹಳೇ ಯುದ್ಧನೌಕೆ. 1961ರಲ್ಲಿ ಗೋವಾ ಬಿಡಿಸುವಾಗ ನಮ್ಮ ಕಾರವಾರದ ಎದುರಿನ ಅಂಜುದೀವ್ ದ್ವೀಪದ ಕೆಲಸಕ್ಕೆ ಹೋಗಿದ್ದು ಅದೇ ಹಡಗು, ತ್ರಿಶೂಲ್ ಜೊತೆ. ಅಲ್ಲಿ ನಮ್ಮ ನಾವಿಕರು ಜೀವ ಕೊಟ್ಟಿದ್ದಾರೆ. ಈಗಿರುವುದು 1999ರ ಡೆಸ್ಟ್ರಾಯರ್. ಲಾಂಛನದಲ್ಲಿ ಗಂಡಭೇರುಂಡ ಇದೆ. ಇನ್ನೇನು ಬೇಕು? ಕಾರವಾರದ ನೌಕಾನೆಲೆಗೂ ಐಎನ್‌ಎಸ್ ಕದಂಬ ಅಂತಲೇ ಹೆಸರು.

ಮತ್ತೆ ಪರಮವೀರ ಚಕ್ರ ಅಂದರೆ ಉತ್ತರದವರಿಗೆ ಮಾತ್ರ ಅನ್ನುವವರು ಚೆಂಡಿಯಾಕ್ಕೆ ಬನ್ನಿ. ರಾಮ ರಾಘೋಬ ರಾಣೆ ಹುಟ್ಟಿದ ಊರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಮೈನು ತೆಗೆದು, ಅಡ್ಡ ಬಿದ್ದ ಮರ ತೆಗೆದು, ಮೇಲಿಂದ ಗುಂಡು ಬೀಳುತ್ತಿದ್ದರೂ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಬದುಕಿದ್ದು ಪರಮವೀರ ಚಕ್ರ ಪಡೆದ ಮೊದಲಿಗರು. ಕಾರವಾರ ಬೀಚಿನಲ್ಲಿ ಹಡಗಿನ ಮ್ಯೂಸಿಯಂ ಪಕ್ಕದಲ್ಲೇ ಅವರ ಪ್ರತಿಮೆ ಇದೆ. ಜನ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಹೆಸರು ಓದುವುದಿಲ್ಲ.

ಹಳೇ ಪಲ್ಟನ್
ಅವರೂ ಸ್ಯಾಪರ್. ಬಾಂಬೆ ಸ್ಯಾಪರ್ಸ್. ನಮ್ಮ ಕೆಲಸವೇ ಅದು, ಮುಂದೆ ಹೋಗಿ ದಾರಿ ಮಾಡುವುದು. ಗುಂಡು ಹೊಡೆಯುವವನಿಗೆ ಫೋಟೋ, ದಾರಿ ಮಾಡುವವನಿಗೆ ಧೂಳು.

ಹೆಸರಿನ ಹುಚ್ಚು ಇರುವವರಿಗೆ ಇನ್ನೊಂದು. ಮುಳ್ಳುತಂತಿ ಬೇಲಿ ಸೀಳಲು ಮದ್ದು ತುಂಬಿದ ಉದ್ದ ಕೊಳವೆ ಬಳಸುತ್ತಾರೆ. ಅದರ ಹೆಸರು ಬೆಂಗಳೂರು ಟಾರ್ಪಿಡೊ. 1912ರಲ್ಲಿ ಇಲ್ಲೇ, ನಮ್ಮ ಸ್ಯಾಪರ್ಸ್‌ನಲ್ಲಿದ್ದ ಮೆಕ್‌ಲಿಂಟಾಕ್ ಅನ್ನುವ ಕ್ಯಾಪ್ಟನ್ ಮಾಡಿದ್ದು. 1944ರಲ್ಲಿ ನಾರ್ಮಂಡಿಯ ಸಮುದ್ರ ದಂಡೆಯಲ್ಲೂ ಅದನ್ನೇ ಉಪಯೋಗಿಸಿದರು. ಇಡೀ ಪ್ರಪಂಚದ ಸೈನ್ಯಗಳು ನಮ್ಮ ಊರಿನ ಹೆಸರು ಹೇಳುತ್ತವೆ.

ಚಿಕ್ಕಿ
ಅಂಕಲ್, ಮಿಲಿಟರಿ ಕ್ಯಾಂಟೀನ್ ಕಾರ್ಡ್ ಇದೆಯಾ? ಸುಮ್ನೆ ಕೇಳಿದೆ.

ಹಳೇ ಪಲ್ಟನ್
ಎಲ್ಲರೂ ಕೊನೆಗೆ ಬರುವುದು ಇಲ್ಲಿಗೇ. ಕೋಟಾ ನನಗೇ ಸಾಲದು, ಹೋಗು.

ಬೀದರ್ ಕೋಟೆ
ಸೇನೆ ಅಂದರೆ ಪಾಕಿಸ್ತಾನ, ಚೀನಾ ಗಡಿ ಅಂತ ಮಾತ್ರ ಮಾತಾಡುತ್ತಿದ್ದೀರಿ. ನಮ್ಮ ಕಡೆ ಸೇನೆ ಅಂದರೆ 1948ರ ಸೆಪ್ಟೆಂಬರ್. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ದಾಟಿತ್ತು, ನಾವಿನ್ನೂ ನಿಜಾಮನ ಕೈಯಲ್ಲಿದ್ದೆವು. ನಿಜಾಮನ ಪರವಾಗಿದ್ದ ರಜಾಕಾರರ ಕಾಟಕ್ಕೆ ಹೆದರಿ ಊರು ಬಿಟ್ಟವರ ಕಥೆ ನಮ್ಮ ಮನೆಗಳಲ್ಲಿ ಈಗಲೂ ಇದೆ. 13ಕ್ಕೆ ಸೇನೆ ಒಳಗೆ ಬಂತು, 17ಕ್ಕೆ ನಿಜಾಮ ಕೈ ಎತ್ತಿದ, 18ಕ್ಕೆ ಜನರಲ್ ಚೌಧುರಿ ಎದುರು ಶರಣಾಗತಿ. ಅದರ ನಂತರ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನೂ ಮುಚ್ಚಿಡಬಾರದು. ನೆಹರು ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅದನ್ನು ವರದಿ ಮಾಡಿತ್ತು. ಎರಡೂ ಒಂದೇ ತಿಂಗಳ ಆಸುಪಾಸಿನ ಕಥೆ.

ಬಂದ ಸೈನಿಕರ ಭುಜದ ಮೇಲೆ ಯಾವ ರೆಜಿಮೆಂಟಿನ ಹೆಸರಿತ್ತು ಅಂತ ನಮ್ಮಜ್ಜಿಗೆ ಗೊತ್ತಿರಲಿಲ್ಲ.

ಇತಿಹಾಸದ ಮೇಡಂ
ಎರಡನ್ನೂ ಒಟ್ಟಿಗೆ ಹೇಳಿದ್ದಕ್ಕೆ ಧನ್ಯವಾದ. ಸಾಮಾನ್ಯವಾಗಿ ಒಬ್ಬರು ಒಂದನ್ನು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದನ್ನು.

ನೀಲಿ ಛತ್ರಿ
ಅಣ್ಣ ತಮ್ಮಂದಿರ ಮಾತೇ ಆಯ್ತು. ಹೆಣ್ಣುಮಕ್ಕಳು ಜವಾನರಾಗಿ ಸೇನೆಗೆ ಬಂದ ಮೊದಲ ತಂಡಕ್ಕೆ ತರಬೇತಿ ಸಿಕ್ಕಿದ್ದು ಬೆಂಗಳೂರಿನಲ್ಲಿ, ಮಿಲಿಟರಿ ಪೊಲೀಸ್ ಸೆಂಟರ್‌ನಲ್ಲಿ. 2021ರ ಮೇ ತಿಂಗಳಲ್ಲಿ 83 ಜನ ಹೊರಬಂದರು. ಇವರಿಗೆ ಯಾವ ಹಳೇ ರೆಜಿಮೆಂಟಿನ ಹೆಸರೂ ಇರಲಿಲ್ಲ, ಹಳೇ ಸಂಪ್ರದಾಯವೂ ಇರಲಿಲ್ಲ. ಅವರೇನು ಕಡಿಮೆಯಾ?

ಗರಡಿಮನೆ
ಯಾರೂ ಕಡಿಮೆ ಅನ್ನಲಿಲ್ಲ. ಆದರೆ ಸೇನೆಯೇ ಹೆಸರಿಗೆ ಬೆಲೆ ಕೊಡುತ್ತದೆ. ರೆಜಿಮೆಂಟಿನ ಹೆಸರು, ಧ್ವಜ, ಘೋಷ, ಹಳೇ ಯುದ್ಧಗಳ ಪಟ್ಟಿ, ಇವುಗಳ ಮೇಲೇ ಹುಡುಗನನ್ನು ಸೈನಿಕ ಮಾಡುತ್ತಾರೆ. ಹೆಸರಿಗೆ ಅರ್ಥ ಇಲ್ಲ ಅಂದರೆ ಎಲ್ಲವನ್ನೂ ತೆಗೆದು ನಂಬರ್ ಕೊಡಲಿ. ಒಪ್ಪುತ್ತೇನೆ. ಇರುವವರಿಗೆ ಇರಲಿ, ಇಲ್ಲದವರು ಕೇಳಬಾರದು ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಎರಡು ಮಾತು
ಈ ಮಾತಿನಲ್ಲಿ ತೂಕ ಇದೆ. ಒಂದಿಷ್ಟು ಆ ಕಡೆಗೇ ಹೋಗುತ್ತಲೂ ಇದ್ದಾರೆ. 1949ರಲ್ಲಿ ಕಾರಿಯಪ್ಪನವರ ಕಾಲದಲ್ಲೇ ಬ್ರಿಗೇಡ್ ಆಫ್ ದ ಗಾರ್ಡ್ಸ್ ಮಾಡಿದರು, ಅದರಲ್ಲಿ ಎಲ್ಲ ಕಡೆಯವರೂ ಇರುತ್ತಾರೆ. 2022ರಲ್ಲಿ ಅಗ್ನಿಪಥ ಅನ್ನುವ ಹೊಸ ನೇಮಕಾತಿ ಯೋಜನೆ ಬಂದಾಗ "ಆಲ್ ಇಂಡಿಯಾ ಆಲ್ ಕ್ಲಾಸ್", ಅಂದರೆ ಎಲ್ಲ ಕಡೆಯ, ಎಲ್ಲ ಜಾತಿಯವರೂ ಒಟ್ಟಿಗೆ ಅಂದರು. ವಾಯುಪಡೆ, ನೌಕಾಪಡೆಯಲ್ಲಿ ಮೊದಲಿನಿಂದಲೂ ಈ ಗಲಾಟೆ ಇಲ್ಲ.

ಕುಂದಾನಗರಿ
ಅಗ್ನಿಪಥದ ಹೆಸರು ಎತ್ತಿದಿರಲ್ಲ, ಅದರ ಬಗ್ಗೆ ಮಾತಾಡೋಣ್ರಿ. ನಾಲ್ಕು ವರ್ಷ, ಆಮೇಲೆ ನೂರಕ್ಕೆ 25 ಮಂದಿಗೆ ಮಾತ್ರ ಮುಂದುವರಿಕೆ. ಉಳಿದವರಿಗೆ ಸುಮಾರು 11.71 ಲಕ್ಷ ಕೊಟ್ಟು ಕಳಿಸುತ್ತಾರೆ, ಪೆನ್ಷನ್ ಇಲ್ಲ. ನಮ್ಮ ಕಡೆ ಸೇನೆ ಅಂದರೆ ದೇಶಭಕ್ತಿ ಹೌದು, ಅದರ ಜೊತೆಗೆ ಒಣ ಭೂಮಿಯ ಮನೆಗೆ ಒಂದು ಗಟ್ಟಿ ಪಗಾರ, ಮುದಿತನಕ್ಕೆ ಪೆನ್ಷನ್. ಹೆಸರು ಯಾವುದಾದರೂ ಇರಲಿ, ಆ ಪೆನ್ಷನ್ ಹೋದದ್ದಕ್ಕೆ ಯಾಕೆ ಯಾರೂ ಇಷ್ಟು ಜೋರಾಗಿ ಕೇಳುವುದಿಲ್ಲ?

ಹಳೇ ಪಲ್ಟನ್
ಇದಕ್ಕೆ ನನ್ನ ಸಹಿಯೂ ಹಾಕಿಕೊಳ್ಳಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿಯಲ್ಲಿ ಐದಾರು ದಿನ ಸಿಕ್ಕಿಬಿದ್ದು ಜೀವಂತ ಹೊರಬಂದ ಹನುಮಂತಪ್ಪ ಕೊಪ್ಪದ, ಕುಂದಗೋಳ ತಾಲೂಕಿನ ಬೆಟದೂರಿನವನು, 19 ಮದ್ರಾಸ್. ಮೂರೇ ದಿನಕ್ಕೆ ದೆಹಲಿ ಆಸ್ಪತ್ರೆಯಲ್ಲಿ ಹೋದ. ಆಗ ಇಡೀ ರಾಜ್ಯ ಅತ್ತಿತು. ಅವನ ದಳಕ್ಕೆ ಮದ್ರಾಸ್ ಅಂತ ಹೆಸರಿದೆ ಅಂತ ಆ ದಿನ ಯಾರಿಗೂ ಚುಚ್ಚಲಿಲ್ಲ.

ಹಾಸನದ ಹುಡುಗ
ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ನನಗಂತೂ ಹೆಸರು ಬೇಕು ಅಂತ ಈಗಲೂ ಅನಿಸುತ್ತದೆ, ಆದರೆ ಮೇಡಂ ಹೇಳಿದ ರಾಬರ್ಟ್ಸ್ ಕಥೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಸರ್, ಇನ್ನೊಂದು ಕೆಲಸದ ಪ್ರಶ್ನೆ. ಅಕ್ಕನ ಮಗನಿಗೆ ಈಗ ಹದಿನೇಳೂವರೆ. ಸೇರಬೇಕು ಅಂತ ಹಠ ಹಿಡಿದಿದ್ದಾನೆ. ಕರ್ನಾಟಕದವರಿಗೆ ಸೀಟು ಕಡಿಮೆ ಅಂತಾರೆ, ಹೌದಾ?

ಹಳೇ ಪಲ್ಟನ್
ಹಾಗೇನಿಲ್ಲ. 1966ರಿಂದ ರಾಜ್ಯ ರಾಜ್ಯದ ಗಂಡಸರ ಜನಸಂಖ್ಯೆ ನೋಡಿ ಪಾಲು ಹಂಚುತ್ತಾರೆ. ಸೀಟು ಇರುತ್ತದೆ, ನಮ್ಮವರು ಮೈದಾನಕ್ಕೆ ಬರಬೇಕು ಅಷ್ಟೇ. ಮೊದಲು ರ್‍ಯಾಲಿ, ಆಮೇಲೆ ಪರೀಕ್ಷೆ ಇತ್ತು. 2023ರಿಂದ ತಿರುಗಿಸಿದ್ದಾರೆ. ಮೊದಲು ಕಂಪ್ಯೂಟರ್‌ನಲ್ಲಿ ಪರೀಕ್ಷೆ, ಪಾಸಾದವರಿಗೆ ಮಾತ್ರ ಓಟ. ಆ ಪರೀಕ್ಷೆ ಈಗ ಕನ್ನಡದಲ್ಲೂ ಬರೆಯಬಹುದು. ಹೆಸರಿಗಿಂತ ಇದು ನಮ್ಮ ಹಳ್ಳಿ ಹುಡುಗರಿಗೆ ದೊಡ್ಡ ಉಪಕಾರ.

1.6 ಕಿಲೋಮೀಟರ್ ಓಟ ಇರುತ್ತದೆ. ಡಾಂಬರು ರಸ್ತೆ ಮೇಲೆ ಅಭ್ಯಾಸ ಮಾಡಿಸಬೇಡ, ಮೊಣಕಾಲು ಹಾಳಾಗುತ್ತದೆ. ಮಣ್ಣಿನ ಮೈದಾನ ಹುಡುಕು. ಬೀಮ್ ಎಳೆಯಲು, ಅಂದರೆ ಕಂಬಿ ಹಿಡಿದು ಮೈ ಮೇಲೆತ್ತಲು ಇವತ್ತಿಂದಲೇ ಶುರು ಮಾಡಲಿ. ಆಧಾರ್‌ನಲ್ಲೂ ಮಾರ್ಕ್ಸ್ ಕಾರ್ಡಿನಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಥರ ಇದೆಯಾ ಅಂತ ಈಗಲೇ ನೋಡು. ಓಟದಲ್ಲಿ ಗೆದ್ದು ಕಾಗದದಲ್ಲಿ ಸೋತವರನ್ನು ತುಂಬಾ ನೋಡಿದ್ದೇನೆ.